ಗಂಟು ಬಿಚ್ಚಿದವಳು

ನಮ್ಮ ಊರಿನಲ್ಲಿ ದಿನಾ ಮಧ್ಯಾಹ್ನ ಮೂರು ಗಂಟೆಗೆ ಹಗುರವಾಗುತ್ತದೆ. ನಾನು ಬೇರೆ ಊರಿನಿಂದ ಮದುವೆಯಾಗಿ ಬಂದವಳು. ಮೊದಲ ವಾರ ಹೊಟ್ಟೆ ತೊಳಸಿದ ಹಾಗಾಗುತ್ತಿತ್ತು, ಆಮೇಲೆ ಎಲ್ಲರ ಹಾಗೆ ನನಗೂ ಅಭ್ಯಾಸವಾಯಿತು. ಮೂರಕ್ಕೆ ಐದು ನಿಮಿಷ ಇರುವಾಗ ಅಕ್ಕಿ ಗಿರಣಿಯ ಸೈರನ್ ಕೂಗುತ್ತದೆ. ಅಷ್ಟರೊಳಗೆ ಒಲೆ ಆರಿಸಬೇಕು, ಬಿಂದಿಗೆಗಳ ಬಾಯಿಗೆ ಬಟ್ಟೆ ಕಟ್ಟಬೇಕು, ದನದ ಕಾಲಿಗೆ ಹಗ್ಗ ಹಾಕಬೇಕು, ನಡುವಿನ ಪಟ್ಟಿಯನ್ನು ಗೋಡೆಯ ಕಬ್ಬಿಣದ ಬಳೆಗೆ ಬಿಗಿದುಕೊಂಡು ಕೂರಬೇಕು. ಆಮೇಲೆ ಒಂದು ಸೇರು ಹಾಲು ಉಕ್ಕುವಷ್ಟು ಹೊತ್ತು ಊರಿನಲ್ಲಿ ಯಾವುದಕ್ಕೂ ತೂಕವಿರುವುದಿಲ್ಲ. ಸೆರಗು ಏಳುತ್ತದೆ, ಜಡೆ ಏಳುತ್ತದೆ, ಕೊಟ್ಟಿಗೆಯ ಹುಲ್ಲು ಎದ್ದು ಸೂರಿಗೆ ತಾಗಿ ನಿಲ್ಲುತ್ತದೆ. ತೂಕ ಮರಳಿದಾಗ ಕಟ್ಟದೇ ಬಿಟ್ಟದ್ದೆಲ್ಲ ಒಟ್ಟಿಗೆ ಬೀಳುತ್ತದೆ. ಆಗ ಹೆಂಗಸರು ಪೊರಕೆ ಹಿಡಿಯುತ್ತಾರೆ. ನಮ್ಮ ಅತ್ತೆ ಬದುಕಿದ್ದಾಗ ಆ ಹೊತ್ತಿಗಾಗಿ ಬೆಳಗಿನಿಂದ ಕಾಯುತ್ತಿದ್ದರು. ಅವರಿಗೆ ಮಂಡಿನೋವು, ಇಪ್ಪತ್ತನಾಲ್ಕು ಗಂಟೆಯಲ್ಲಿ ಅದೊಂದೇ ಹೊತ್ತು ಮಂಡಿ ನೋಯುತ್ತಿರಲಿಲ್ಲವಂತೆ.

ನನ್ನ ಕಸುಬು ಪಟ್ಟಿ ಹೊಲಿಯುವುದು. ಕ್ಯಾನ್ವಾಸ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಉದ್ದಕ್ಕೆ ನಾಲ್ಕು ಸಾಲು ಹೊಲಿಗೆ ಹಾಕುತ್ತೇನೆ. ಬಾಣಂತಿಯರಿಗೆ ಮೆತ್ತನೆಯ ಒಳಬಟ್ಟೆ ಕೊಟ್ಟು, ಶಾಲೆಯ ಮಕ್ಕಳಿಗೆ ಹೆಸರು ಹೊಲಿದು ಕೊಡುತ್ತೇನೆ. ನಮ್ಮವರು ಶಿವಸ್ವಾಮಿ, ಮನೆಯ ಮುಂದಿನ ಕೋಣೆಯಲ್ಲೇ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ನಮಗೆ ಒಬ್ಬಳೇ ಮಗಳು, ನೇತ್ರಾ. ಊರಿಗೆಲ್ಲ ಪಟ್ಟಿ ಹೊಲಿಯುವವಳ ಹೊಟ್ಟೆಯಲ್ಲಿ ಪಟ್ಟಿ ಒಲ್ಲದವಳು ಹುಟ್ಟಿದಳು ಎಂದು ಜನ ನಗುತ್ತಿದ್ದರು. ಶುರುವಿನಲ್ಲಿ ನಾನೂ ನಗುತ್ತಿದ್ದೆ.

ಎಲ್ಲ ಮಕ್ಕಳೂ ಹಠ ಮಾಡುತ್ತವೆ. ಇವಳದು ಅಂಥ ಹಠವಾಗಿರಲಿಲ್ಲ. ಬೇಕಾದ್ದು ಸಿಗಲಿಲ್ಲವೆಂದು ಅಳುವ ಮಗುವಿಗೆ ಅದನ್ನು ಕೊಟ್ಟರೆ ಸುಮ್ಮನಾಗುತ್ತದೆ. ಇವಳಿಗೆ ಏನೂ ಬೇಕಿರಲಿಲ್ಲ. ಯಾರೂ ತನಗೆ ಏನೂ ಹೇಳಬಾರದಾಗಿತ್ತು, ಅಷ್ಟೆ. ಊಟಕ್ಕೆ ಬಾ ಎಂದರೆ ಹಸಿದಿದ್ದರೂ ಬರುವುದಿಲ್ಲ. ಬಿಸಿಲಿದೆ, ಚಪ್ಪಲಿ ಹಾಕಿಕೋ ಎಂದರೆ ಹಾಕಿಕೊಂಡದ್ದನ್ನೂ ಬಿಸಾಡಿ ಸುಡುವ ನೆಲದ ಮೇಲೆ ನಿಂತು ನನ್ನ ಮುಖ ನೋಡುತ್ತಾಳೆ. ಅಂಗಾಲು ಬೊಬ್ಬೆ ಎದ್ದರೂ ಕದಲುವುದಿಲ್ಲ. ಐದು ವರ್ಷದವಳಿದ್ದಾಗ ಹಿಮ್ಮಡಿಯಲ್ಲಿ ಒದ್ದು ನಮ್ಮವರ ಎರಡು ಹಲ್ಲು ಅಲುಗಾಡಿಸಿದ್ದಳು. ಯಾತಕ್ಕೆ? ಅಂಗಿಯ ಗುಂಡಿ ಹಾಕಲು ಹೋಗಿದ್ದಕ್ಕೆ.

ಆದರೆ ಅವಳು ಕೆಟ್ಟವಳಲ್ಲ. ಇದನ್ನು ನಾನು ತಾಯಿಯಾಗಿ ಹೇಳುತ್ತಿಲ್ಲ. ಪಕ್ಕದ ಮನೆಯ ಸಾಕಮ್ಮನಿಗೆ ವಯಸ್ಸಾಗಿತ್ತು, ಬೀದಿ ನಲ್ಲಿಯಿಂದ ನೀರು ಹೊರಲು ಆಗುತ್ತಿರಲಿಲ್ಲ. ಯಾರೂ ಹೇಳದೆ ನೇತ್ರಾ ದಿನಾ ಬೆಳಿಗ್ಗೆ ಆಕೆಯ ಎರಡು ಕೊಡ ತುಂಬಿ ಬಾಗಿಲಲ್ಲಿ ಇಡುತ್ತಿದ್ದಳು. ಒಂದು ದಿನ ಸಾಕಮ್ಮ ಪ್ರೀತಿಯಿಂದ ತಲೆ ಸವರಿ, "ಎಷ್ಟು ಒಳ್ಳೆಯವಳವ್ವ ನೀನು, ನಾಳೇನೂ ತುಂಬಿಡ್ತೀಯಲ್ಲ?" ಎಂದರು. ನೇತ್ರಾ ತುಂಬಿಟ್ಟ ಕೊಡಗಳನ್ನು ಅವರ ಎದುರಿಗೇ ಬೀದಿಗೆ ಸುರಿದು ಒಳಗೆ ಬಂದಳು. ಬಂದು ಅಕ್ಕಿ ಡಬ್ಬದ ಹಿಂದೆ ಕೂತು ಅತ್ತಳು. ಯಾಕೆ ಅಳುತ್ತೀಯೇ ಎಂದು ಕೇಳಿದೆ. "ನಂಗೊತ್ತಿಲ್ಲ," ಎಂದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮಿಕ್ಕದ್ದೆಲ್ಲ ಹೇಗೋ ನಡೆಯುತ್ತಿತ್ತು. ಮೂರು ಗಂಟೆಯದೊಂದು ನಡೆಯುತ್ತಿರಲಿಲ್ಲ. ಆರು ವರ್ಷದವರೆಗೆ ಅವಳನ್ನು ನನ್ನ ಹೊಟ್ಟೆಗೆ ಅವುಚಿಕೊಂಡು ಒಂದೇ ಪಟ್ಟಿಯಲ್ಲಿ ಇಬ್ಬರನ್ನೂ ಬಿಗಿಯುತ್ತಿದ್ದೆ. ಆಮೇಲೆ ಅವಳ ಬಲ ಹೆಚ್ಚಿತು. ಆಗ ನಮ್ಮವರೇ ಒಂದು ಉಪಾಯ ಹೇಳಿದರು. ಮನೆಯಲ್ಲಿದ್ದ ಹಾಸಿಗೆ, ಕಂಬಳಿ, ಹಳೇ ಸೀರೆಗಳನ್ನೆಲ್ಲ ನಡುಮನೆಯಲ್ಲಿ ಹಾಸಿ, ಕಿಟಕಿ ಬಾಗಿಲು ಹಾಕಿ, ಅವಳನ್ನು ಅವಳ ಪಾಡಿಗೆ ಬಿಟ್ಟುಬಿಡುವುದು. ಅವಳು ಮೆಲ್ಲಗೆ ಎದ್ದು ತೊಲೆಗೆ ತಲೆ ತಾಗಿಸಿಕೊಂಡು, ಕೈಕಾಲು ಚೆಲ್ಲಿ, ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಗೋಡೆಗೆ ಬಿಗಿದುಕೊಂಡು ಕೂತ ನಾವಿಬ್ಬರೂ ಕತ್ತೆತ್ತಿ ನೋಡುತ್ತಿದ್ದೆವು. ಆ ಮುಖದಷ್ಟು ನೆಮ್ಮದಿಯ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ. ಆಮೇಲೆ ದೊಪ್ಪೆಂದು ಹಾಸಿಗೆಯ ಮೇಲೆ ಬಿದ್ದು ಎದ್ದು ಹೋಗುತ್ತಿದ್ದಳು. ಒಂದು ವರ್ಷ ಹೀಗೇ ನಡೆಯಿತು. ಒಂದು ದಿನ ತೊಲೆಯನ್ನು ಕಾಲಿನಿಂದ ಒದ್ದು ಅಡಿಗೆಮನೆಯ ಕಡೆ ತೇಲಿ, ಒರಳುಕಲ್ಲಿನ ಅಂಚಿಗೆ ಬಿದ್ದಳು. ಗದ್ದ ಸೀಳಿ ಏಳು ಹೊಲಿಗೆ ಬಿತ್ತು.

ಆಗ ನಾವು ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿದ್ದ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಹೆಂಗಸು. ನೇತ್ರಾಳನ್ನು ಒಂದು ಗಂಟೆ ಹೊತ್ತು ತಮ್ಮ ಪಾಡಿಗೆ ಏನೋ ಬರೆಯುತ್ತ ನೋಡುತ್ತಿದ್ದರು. ಅವಳಿಗೆ ಒಂದು ಮಾತೂ ಹೇಳಲಿಲ್ಲ. ಅವಳೇ ಹೋಗಿ ಅವರ ಮೇಜಿನ ಮೇಲಿದ್ದ ಕೊಳವೆಯನ್ನು ಕಿವಿಗೆ ಹಾಕಿಕೊಂಡು ತನ್ನ ಎದೆಬಡಿತ ಕೇಳಿಸಿಕೊಂಡಳು. ಡಾಕ್ಟರು ನಮ್ಮನ್ನು ಹೊರಗೆ ಕರೆದು, "ಇಂಥ ಮಕ್ಕಳಿರ್ತಾರಮ್ಮ. ಇದು ಕೊಬ್ಬಲ್ಲ, ನೀವು ಬೆಳೆಸಿದ್ದರ ತಪ್ಪೂ ಅಲ್ಲ. ಯಾರಾದ್ರೂ ಹೀಗೆ ಮಾಡು ಅಂದ ತಕ್ಷಣ ಅವಳ ಒಳಗೆ ಏನೋ ಬಿಗಿದುಕೊಳ್ಳುತ್ತೆ, ಅದನ್ನ ಬಿಡಿಸೋದು ಅವಳ ಕೈಲೂ ಇಲ್ಲ," ಎಂದರು. "ಎಲ್ಲದಕ್ಕೂ ಜಗಳ ಆಡ್ಬೇಡಿ. ಬಿಡೋಕೇ ಆಗದ್ದು ಯಾವುದು, ಒಂದೋ ಎರಡೋ ಆರಿಸಿಕೊಳ್ಳಿ. ಮಿಕ್ಕದ್ದು ಬಿಟ್ಟುಬಿಡಿ."

"ಎಷ್ಟು ದಿನದಲ್ಲಿ ಸರಿ ಹೋಗ್ತಾಳೆ ಡಾಕ್ಟ್ರೇ?" ಎಂದು ನಮ್ಮವರು ಕೇಳಿದರು.

"ವರ್ಷಗಳು ಬೇಕಾಗುತ್ತೆ. ನೀವು ದಣೀತೀರಿ. ದಣಿದಾಗ ಇನ್ನೊಬ್ಬರ ಕೈಗೆ ಕೊಟ್ಟು ಹೊರಗೆ ಹೋಗಿಬಿಡಿ. ಅದೊಂದನ್ನ ಮರೀಬೇಡಿ."

ಬಸ್ಸಿನಲ್ಲಿ ಬರುತ್ತ ನಾವಿಬ್ಬರೂ ಆರಿಸಿಕೊಂಡೆವು. ಪಟ್ಟಿಯೊಂದೇ. ಉಳಿದದ್ದನ್ನೆಲ್ಲ ಬಿಟ್ಟೆವು. ಅವಳು ತಲೆ ಬಾಚದೆ ಶಾಲೆಗೆ ಹೋದಳು, ಬೇಕೆನಿಸಿದಾಗ ಉಂಡಳು, ಬೇಕಾದಲ್ಲಿ ಮಲಗಿದಳು. ನೆಂಟರು ಬಂದು ಮೂಗು ಮುರಿದರು. ಉಲ್ಟಾ ಹೇಳಿದರೆ ಹೇಗೆ ಎಂದು ನಡುವೆ ಎರಡು ವಾರ ಅದನ್ನೂ ನೋಡಿದೆ. "ಇವತ್ತು ನೀನು ಪಟ್ಟಿ ಕಟ್ಟಿಕೋಬೇಡ," ಎಂದರೆ ತಟ್ಟನೆ ಕಟ್ಟಿಕೊಳ್ಳುತ್ತಿದ್ದಳು. ನನಗೆ ಹಿಗ್ಗೋ ಹಿಗ್ಗು. ಹದಿನೈದನೆಯ ದಿನ ಅವಳು ನನ್ನನ್ನೇ ದಿಟ್ಟಿಸಿ ನೋಡಿ, "ನೀನು ನಂಗೆ ಮೋಸ ಮಾಡ್ತಿದ್ದೀಯ," ಎಂದಳು. ಕೋಪದಿಂದ ಹೇಳಲಿಲ್ಲ. ಅದಾದ ಮೇಲೆ ಎಷ್ಟೋ ದಿನ ನಾನು ಹೇಳಿದ್ದರಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಹುಡುಕುವವಳ ಹಾಗೆ ನೋಡುತ್ತಿದ್ದಳು.

ಕೊನೆಗೆ ಒಂದು ಒಪ್ಪಂದವಾಯಿತು. ಅದನ್ನು ಹೇಳಿದವಳು ಅವಳೇ. ಪಟ್ಟಿಯನ್ನು ಅವಳೇ ಕಟ್ಟಿಕೊಳ್ಳುತ್ತಾಳೆ, ಯಾವ ಬಳೆಗೆ ಎಂದು ಅವಳೇ ನೋಡಿಕೊಳ್ಳುತ್ತಾಳೆ. ನಾನು ಗಂಟು ಮುಟ್ಟಿ ನೋಡಬಾರದು, ಕಟ್ಟಿದೆಯಾ ಎಂದು ಕೇಳಬಾರದು. ಒಪ್ಪಿಕೊಂಡೆ. ದಿನಾ ಆ ಐದು ನಿಮಿಷ ನಾನು ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದೆ. ಹಗುರ ಮುಗಿದು ಅವಳ ಹೆಜ್ಜೆ ಸದ್ದು ಕೇಳಿಸಿದಾಗ ಕಣ್ಣು ಬಿಡುತ್ತಿದ್ದೆ. ಹೀಗೆ ಎಂಟು ತಿಂಗಳು ಕಳೆಯಿತು. ಅವಳಿಗೆ ಒಂಬತ್ತು ತುಂಬಿತು. ಒಂದು ದಿನ ಅವಳಾಗಿಯೇ ಬಂದು ನಾನು ಹೊಲಿಯುತ್ತಿದ್ದ ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡಳು. ನಾನು ಏನೂ ಹೇಳಲಿಲ್ಲ. ಉಸಿರನ್ನೂ ಮೆಲ್ಲಗೆ ಬಿಟ್ಟೆ.

ಅದು ನಡೆದದ್ದು ಒಂದು ಗುರುವಾರ. ಹನ್ನೆರಡು ಗಂಟೆಗೆ ಕಾತ್ಯಾಯಿನಿ ಟೀಚರ್ ನೇತ್ರಾಳನ್ನು ತಾವೇ ಕರೆದುಕೊಂಡು ಬಂದರು. ಚಿಕ್ಕ ತರಗತಿಯವರನ್ನು ಎರಡಕ್ಕೇ ಮನೆಗೆ ಬಿಡುತ್ತಿದ್ದರು, ಆ ವಾರದಿಂದ ನೇತ್ರಾಳ ತರಗತಿಯನ್ನೂ ನಾಲ್ಕರವರೆಗೆ ಇರಿಸಿಕೊಳ್ಳುತ್ತಿದ್ದರು. ಹಿಂದಿನ ದಿನ ಶಾಲೆಯಲ್ಲಿ ಹಗುರದ ಹೊತ್ತಿಗೆ ನೇತ್ರಾ ತನ್ನ ಪಕ್ಕದ ಹುಡುಗಿಯ ಪಟ್ಟಿ ಬಿಚ್ಚಿದ್ದಳಂತೆ. ಆ ಹುಡುಗಿ ತೇಲಿ ಹೋಗಿ ಫ್ಯಾನಿನ ಕಂಬಿ ಹಿಡಿದುಕೊಂಡು ಬಚಾವಾಗಿದ್ದಳು. ಬಿಚ್ಚಿದವಳು ನೇತ್ರಾ ಎಂದು ಆ ಹುಡುಗಿ ತನ್ನ ಮನೆಯಲ್ಲಿ ಹೇಳಿದ್ದು ಆ ದಿನ ಬೆಳಿಗ್ಗೆ. "ಬಿಗಿಯಾಗಿದೆ, ನೋಯ್ತಿದೆ ಅಂತ ಅವಳು ಅಳ್ತಿದ್ಲು. ಯಾರೂ ಬರ್ಲಿಲ್ಲ," ಎಂದಳು ನೇತ್ರಾ. ಟೀಚರ್ ನನ್ನ ಕಡೆ ತಿರುಗಿ, "ಜಲಜಾಕ್ಷಿ ಅವರೇ, ನಂಗೆ ನಲವತ್ತು ಮಕ್ಕಳಿದ್ದಾರೆ. ಇವಳನ್ನ ಇನ್ನು ಇಟ್ಟುಕೊಳ್ಳೋಕೆ ಆಗಲ್ಲ," ಎಂದರು. 

ಅವರು ಹೋದ ಅರ್ಧ ಗಂಟೆಗೆ ಆ ಹುಡುಗಿಯ ತಾಯಿ ಬಂದಳು. ಬೀದಿಯಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಕೂಗಿದಳು. "ಊರೋರ ಮಕ್ಕಳಿಗೆಲ್ಲ ಪಟ್ಟಿ ಹೊಲೀತಾಳಂತೆ. ತನ್ನ ಮನೇಲಿರೋದನ್ನ ಕಟ್ಟೋಕೆ ಯೋಗ್ಯತೆ ಇಲ್ಲ. ನೀನು ಹೊಲಿದ ಪಟ್ಟಿ ನಂ ಮನೇಗ್ ಬೇಡ, ತಗೋ." ನಾನೇ ಹೆಸರು ಹೊಲಿದಿದ್ದ ಪಟ್ಟಿ ನನ್ನ ಮುಖಕ್ಕೆ ಬಂದು ಬಿತ್ತು. ನಮ್ಮವರು ಅಂಗಡಿಯಿಂದ ಎದ್ದು ಬಂದು ಕೈಮುಗಿದು ಆಕೆಯನ್ನು ಕಳಿಸಿಕೊಟ್ಟರು. ಆಗ ನಾನು ಡಾಕ್ಟರು ಹೇಳಿದ ಹಾಗೆ ಹೊರಗೆ ಹೋಗಿಬಿಡಬೇಕಿತ್ತು. ಹೋಗಲಿಲ್ಲ. ಮಷೀನಿನ ಮುಂದೆ ಕೂತು ಎರಡು ಗಂಟೆ ಹೊಲಿದೆ. ಹೊಲಿದದ್ದೆಲ್ಲ ಸೊಟ್ಟಗಾಯಿತು.

ಸೈರನ್ ಕೂಗಿದಾಗ ನೇತ್ರಾ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅವಳ ಸೊಂಟದಲ್ಲಿ ಪಟ್ಟಿ ಇರಲಿಲ್ಲ. ಒಳಗೆ ಬಾ ಎಂದೆ. ಅಲುಗಲಿಲ್ಲ. ಕಟ್ಟಿಕೋ ಎಂದೆ, ಒಪ್ಪಂದ ಮುರಿದು. ನಾನು ಪಟ್ಟಿ ತಂದು, ಅವಳನ್ನು ಎಳೆದು ಗೋಡೆಗೆ ನಿಲ್ಲಿಸಿ, ನಡುವಿಗೆ ಸುತ್ತಿ, ಹಿತ್ತಿಲ ಗೋಡೆಯ ಬಳೆಗೆ ಬೆನ್ನ ಹಿಂದೆ ಜೋಡಿ ಗಂಟು ಹಾಕಿದೆ. ಪಕ್ಕದ ಬಳೆಗೆ ನನ್ನನ್ನು ಬಿಗಿದುಕೊಂಡೆ. ಅವಳು ನನ್ನ ಮುಂಗೈಗೆ ಬಾಯಿ ಹಾಕಿದಳು. ಹಲ್ಲು ಇಳಿದದ್ದು ಗೊತ್ತಾಯಿತು, ರಕ್ತ ಬಂದದ್ದು ಕಾಣಿಸಿತು. ನಾನು ಅವಳ ಕೂದಲು ಹಿಡಿದು ಎಳೆದೆ. ಅದುವರೆಗೆ ಎಂದೂ ಹಾಗೆ ಮಾಡಿರಲಿಲ್ಲ. ಅವಳು ಉಗಿದಳು. "ನಿನ್ನ ಪಟ್ಟಿ ಬೇಡ ನಂಗೆ. ನೀನೂ ಬೇಡ. ಬಿಡು ನನ್ನ. ಬಿಡು, ಬಿಡು, ಬಿಡು."

"ಬೇಡ್ವಾ?" ಎಂದೆ. "ನಾನು ಬೇಡ್ವಾ ನಿಂಗೆ? ನಂಗೂ ಸಾಕಾಗಿದೆ. ಹೋಗು ಹಾಗಾದ್ರೆ." ಅವಳ ಬೆನ್ನ ಹಿಂದೆ ಕೈ ಹಾಕಿ ಗಂಟಿನ ಎಳೆ ಹಿಡಿದು ಎಳೆದೆ. ನನ್ನ ಗಂಟು ನನಗೆ ಗೊತ್ತು, ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಹೋಗು ಎಂದರೆ ಹೋಗುವುದಿಲ್ಲ, ಬಳೆಯನ್ನು ಕಚ್ಚಿ ಹಿಡಿದುಕೊಳ್ಳುತ್ತಾಳೆ ಎಂದುಕೊಂಡೇ ಬಿಚ್ಚಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಅವಳು ಹೋಗಲಿ ಎಂದೇ. ಇನ್ನೂ ತೂಕವಿತ್ತು, ಮತ್ತೆ ಕಟ್ಟಲು ಸಮಯವಿತ್ತು. ಕಟ್ಟಲಿಲ್ಲ. ಅವಳ ಬೈಗುಳ ನಿಂತುಹೋಯಿತು. ನನ್ನ ಮುಖ ನೋಡುತ್ತ ಹಾಗೇ ನಿಂತಳು, ಬಳೆಗೆ ಕೈ ಹಾಕಲಿಲ್ಲ. ಹಗುರವಾಯಿತು. ಅವಳ ಪಾದ ನೆಲ ಬಿಟ್ಟಿತು. ಹುಟ್ಟಿದಂದಿನಿಂದ ನಾನು ಹೇಳಿದ ಒಂದೇ ಒಂದು ಮಾತನ್ನು ಅವಳು ಅಂದು ಕೇಳಿದಳು.

ಆಮೇಲೆ ಕೈ ಚಾಚಿದಳು. ನಾನೂ ಚಾಚಿದೆ. ನನ್ನ ಪಟ್ಟಿ ನನ್ನನ್ನು ಬಿಡಲಿಲ್ಲ. ನಾಲ್ಕು ಸಾಲು ಹೊಲಿಗೆ, ನನ್ನದೇ ಕೈಯದು. ಬೆರಳಿನ ತುದಿಗೆ ಬೆರಳು ತಾಗಿತು, ಅಷ್ಟೇ. ಹೆಂಚಿನ ಮೇಲೆ ಹೋದಳು, ಸಾಕಮ್ಮನ ಹಿತ್ತಿಲಿನ ಬೇವಿನ ಮರದ ಮಟ್ಟಕ್ಕೆ ಹೋದಳು. ಊರೆಲ್ಲ ಕಟ್ಟಿಹಾಕಿಕೊಂಡು ಕೂತಿತ್ತು. ಕಿಟಕಿಗಳಿಂದ ಜನ ನೋಡುತ್ತಿದ್ದರು, ಕೂಗುತ್ತಿದ್ದರು, ಯಾರೂ ಬರುವ ಹಾಗಿರಲಿಲ್ಲ. "ಕೊಂಬೆ ಹಿಡ್ಕೋ!" ಎಂದು ಕಿರುಚಿದೆ. ಕಿರುಚಿದ ಮೇಲೆ ಹೆದರಿಕೆಯಾಯಿತು, ನಾನು ಹೇಳಿದರೆ ಹಿಡಿಯುವುದಿಲ್ಲವಲ್ಲ ಎಂದು. "ಹಿಡ್ಕೋಬೇಡ!" ಎಂದು ಕಿರುಚಿದೆ. ಎರಡನ್ನೂ ಎಷ್ಟು ಸಲ ಕಿರುಚಿದೆನೋ. ಅವಳು ಒಂದು ಕೊಂಬೆ ಹಿಡಿದಳು. ತೂಕ ಮರಳಿದಾಗ ಆ ಕೊಂಬೆ ಮುರಿಯಿತು. ಅವಳು ಸಾಕಮ್ಮನ ಕೊಟ್ಟಿಗೆಯ ತಗಡಿನ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಬಿದ್ದಳು.

ಸಾಯಲಿಲ್ಲ. ಎಡಗಾಲಿನ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಸೊಂಟದಿಂದ ಕೆಳಗೆ ಪ್ಲಾಸ್ಟರ್ ಹಾಕಿ ಆಸ್ಪತ್ರೆಯ ಮಂಚದಲ್ಲಿ ಮಲಗಿಸಿದ್ದರು. ನಮ್ಮವರು ಕೇಳಿದಾಗ ನಾನು, "ಗಂಟು ಬಿಚ್ಚಿಹೋಯ್ತು," ಎಂದೆ. ಯಾರು ಬಿಚ್ಚಿದರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಮ್ಮ ಊರಿನಲ್ಲಿ ಯಾರಾದರೂ ಬಿದ್ದರೆ ಗಂಟಿನ ವಿಚಾರಣೆ ಆಗಬೇಕು. ಎಂಟನೆಯ ದಿನ ಪುರಸಭೆಯಿಂದ ಪರಶಿವಯ್ಯನವರು ಬಂದರು. ಮನೆಮನೆಯ ಕಬ್ಬಿಣದ ಬಳೆಗಳನ್ನು ಪರೀಕ್ಷೆ ಮಾಡುವವರು ಅವರೇ. ಮೂವತ್ತು ವರ್ಷ ಅದೇ ಕೆಲಸ ಮಾಡಿದವರು, ಕೆಟ್ಟವರಲ್ಲ. ದೊಡ್ಡವರೇ ಮಗುವಿನ ಗಂಟು ಬಿಚ್ಚಿದ್ದಾದರೆ ಆ ಮಗುವನ್ನು ಊರಾಚೆ, ಹಗುರವಿಲ್ಲದ ಸೀಮೆಯ ಹಾಸ್ಟೆಲಿಗೆ ಕಳಿಸಿಬಿಡುತ್ತಾರೆ. ಹದಿನೆಂಟು ತುಂಬುವವರೆಗೆ ಅಲ್ಲೇ. ತಂದೆ ತಾಯಿ ವರ್ಷಕ್ಕೆ ಎರಡು ಸಲ ಹೋಗಿ ನೋಡಬಹುದು. ಇದು ನನಗೆ ಗೊತ್ತಿತ್ತು, ನಮ್ಮವರಿಗೆ ಗೊತ್ತಿತ್ತು. ಒಂಬತ್ತು ವರ್ಷದ ನೇತ್ರಾಳಿಗೂ ಗೊತ್ತಿತ್ತು, ಶಾಲೆಯಲ್ಲಿ ಹೇಳಿಕೊಡುತ್ತಾರೆ.

ಪರಶಿವಯ್ಯನವರು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತರು. ನಾವಿಬ್ಬರೂ ಅವಳ ಕಾಲ ಬಳಿ ನಿಂತಿದ್ದೆವು.

"ಮಗೂ, ಆ ದಿನ ಪಟ್ಟಿ ಕಟ್ಟಿದ್ದು ಯಾರು?"

"ಅಮ್ಮ."

"ಬೆನ್ನ ಹಿಂದೆ ಕಟ್ಟಿದ್ರಾ?"

"ಹೂಂ."

"ಜೋಡಿ ಗಂಟು ಅಲ್ವಾ? ನಾನು ಪಟ್ಟಿ ನೋಡಿದೆ. ಗಂಟಿನ ಮಡಿಕೆ ಹಾಗೇ ಇದೆ. ನಿನ್ನ ಕೈ ಅಲ್ಲಿಗೆ ಎಟುಕಲ್ಲ ಪುಟ್ಟಿ. ಹಾಗಾದ್ರೆ ಬಿಚ್ಚಿದ್ದು ಅಮ್ಮನೇ, ಅಲ್ವಾ?"

ನೇತ್ರಾ ನನ್ನ ಮುಖ ನೋಡಿದಳು. ನಾನು ಹೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯನ್ನು ಹಾಗೇ ಮುಚ್ಚಿದೆ. ಪಕ್ಕದ ಮಂಚದ ಮುದುಕಿಗೆ ಯಾರೋ ಗಂಜಿ ಕುಡಿಸುತ್ತಿದ್ದರು, ಚಮಚ ಲೋಟಕ್ಕೆ ತಾಗುವ ಸದ್ದು ಕೇಳಿಸುತ್ತಿತ್ತು.

"ಹೆದರ್ಕೋಬೇಡ. ಅಮ್ಮ ಬಿಚ್ಚಿದ್ರು ಅಂತ ಹೇಳು. ಅಷ್ಟು ಹೇಳಿದ್ರೆ ಸಾಕು."

"ಇಲ್ಲ," ಎಂದಳು.

"ಹೇಳಮ್ಮ, ಅಮ್ಮನೇ ತಾನೆ?"

"ಇಲ್ಲ ಅಂದ್ನಲ್ಲ. ನಾನೇ ಬಿಚ್ಕೊಂಡೆ."

ಪರಶಿವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕೈಗೆ ಸುತ್ತಿದ್ದ ಬಟ್ಟೆಯನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಆಯ್ತು. ಹುಡುಗಿ ಹೇಳಿದ್ದನ್ನೇ ಬರ್ಕೋತೀನಿ," ಎಂದು ಎದ್ದು ಹೋದರು.

ನಾಲ್ಕು ತಿಂಗಳಿಗೆ ಅವಳನ್ನು ಮನೆಗೆ ಕರೆತಂದೆವು. ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಮೊದಲ ದಿನ ಮೂರಕ್ಕೆ ಹತ್ತು ನಿಮಿಷವಿರುವಾಗ, ಸೈರನ್ ಇನ್ನೂ ಕೂಗಿರಲಿಲ್ಲ, ಅವಳು ಗೋಡೆ ಹಿಡಿದುಕೊಂಡು ಬಂದು ಬಳೆಯ ಪಕ್ಕ ನಿಂತು ಎರಡೂ ಕೈ ಮೇಲೆತ್ತಿದಳು. ನಾನು ಕಟ್ಟಲಿ ಎಂದು. ನನಗೆ ಕೈ ಬರಲಿಲ್ಲ. "ನೀನೇ ಕಟ್ಕೋ," ಎಂದೆ. "ಸರಿ," ಎಂದು ಕಟ್ಟಿಕೊಂಡಳು. ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅಂದಿನಿಂದ ಹೇಳಿದ್ದಕ್ಕೆಲ್ಲ ಸರಿ. ಊಟಕ್ಕೆ ಬಾ ಎಂದರೆ ಬಂದಳು, ತಲೆ ಬಾಚಿಕೋ ಎಂದರೆ ಬಾಚಿಕೊಂಡಳು. ಕಾತ್ಯಾಯಿನಿ ಟೀಚರ್ ಅವಳನ್ನು ಮತ್ತೆ ಸೇರಿಸಿಕೊಂಡರು, ಆರು ತಿಂಗಳಾದ ಮೇಲೆ ಮನೆಗೆ ಬಂದು, "ಎಷ್ಟು ಒಳ್ಳೆ ಹುಡುಗಿಯಾಗಿದ್ದಾಳೆ ರೀ. ಒಂದು ಮಾತಿಗೂ ಎದುರಾಡಲ್ಲ," ಎಂದು ಹೊಗಳಿದರು. ನನ್ನ ಮುಖಕ್ಕೆ ಪಟ್ಟಿ ಎಸೆದಿದ್ದ ಹೆಂಗಸು ಕೂಡ ಹಬ್ಬಕ್ಕೆ ಒಬ್ಬಟ್ಟು ಕಳಿಸಿದಳು. ಸಾಕಮ್ಮ ಮಾತ್ರ ಒಂದು ದಿನ ಬೇಲಿಯ ಹತ್ತಿರ ನನ್ನನ್ನು ಕರೆದು, "ಜಲಜಾ, ನಾನು ನೀರು ಕೇಳಿದ್ರೆ ತಂದುಕೊಡ್ತದೆ ಮಗ. ಕೇಳದಿದ್ರೆ ತರಲ್ಲ. ಮೊದಲು ಹಾಗಿರ್ಲಿಲ್ಲ," ಎಂದು ಕಣ್ಣು ಒರೆಸಿಕೊಂಡರು. ಏನಾದರೂ ಆಟ ಆಡಿಕೋ ಹೋಗೇ ಎಂದರೆ ನೇತ್ರಾ ಹೊರಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದಳು. ಒಳಗೆ ಬಾ ಎನ್ನುವವರೆಗೂ ಕೂತಿರುತ್ತಿದ್ದಳು. ಏನು ತಿನ್ನುತ್ತೀಯ ಎಂದು ಕೇಳಿದರೆ, "ನೀನು ಹೇಳಿದ್ದು," ಎನ್ನುತ್ತಿದ್ದಳು.

ನನಗೆ ಇನ್ನು ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ, ಟ್ಯೂಬಿಗೆ ತೇಪೆ ಹಾಕುತ್ತಿದ್ದ ನಮ್ಮವರ ಎದುರಿಗೆ ಕೂತೆ. "ರೀ, ಆ ದಿನ ಗಂಟು ಬಿಚ್ಚಿದ್ದು ನಾನು," ಎಂದೆ.

ಅವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಲೇ ಇದ್ದರು. "ಗೊತ್ತು," ಎಂದರು. "ಪಟ್ಟಿ ನೋಡಿದ ದಿನಾನೇ ಗೊತ್ತಾಯ್ತು. ನಿನ್ನ ಗಂಟು ನಾನು ನೋಡಿಲ್ವಾ."

"ಮತ್ತೆ ಆಸ್ಪತ್ರೇಲಿ ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ಅವಳನ್ನ ಕರ್ಕೊಂಡು ಹೋಗ್ತಿದ್ರು." ಟ್ಯೂಬನ್ನು ಮತ್ತೆ ನೀರಿಗೆ ಒತ್ತಿ, "ನಾನೂ ಎಷ್ಟೋ ಸಲ ಅಂದ್ಕೊಂಡಿದ್ದೆ ಜಲಜಾ. ಬಿಟ್ಟುಬಿಡೋಣ, ಹೋಗಲಿ ಅಂತ. ನಿನ್ನ ಕೈಲಿ ಆಗಿಹೋಯ್ತು, ಅಷ್ಟೇ," ಎಂದರು.   ಯಾರೋ ಗಾಳಿ ಹಾಕಿಸಲು ಬಂದು, ನಮ್ಮನ್ನು ನೋಡಿ, ತಾವೇ ಪಂಪು ತೆಗೆದುಕೊಂಡು ಹಾಕಿಕೊಂಡು ಹೋದರು.

ಅದೇ ದಿನ ನೇತ್ರಾಳ ಮುಂದೆಯೂ ಹೇಳಿದೆ. ಮಂಡಿಯೂರಿ ಕೂತು, "ತಪ್ಪಾಯ್ತು ಮಗಳೇ," ಎಂದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. "ಪರಶಿವಯ್ಯನವರ ಹತ್ರ ಯಾಕೆ ಹಾಗೆ ಹೇಳ್ದೆ?" ಎಂದು ಕೇಳಿದೆ.  "ಎದ್ದು ಹೋಗ್ಲಾ?" ಎಂದು ಕೇಳಿದಳು. ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೇ ಎದ್ದು ಹೋದೆ.

ಹದಿನೆಂಟು ತುಂಬಿದ ಮೇಲೆ ಅವಳು ಊರು ಬಿಟ್ಟಳು. ಈಗ ಬಯಲುಸೀಮೆಯ ಒಂದು ಊರಿನಲ್ಲಿದ್ದಾಳೆ, ಅಲ್ಲಿ ಹಗುರವಿಲ್ಲ. ಬೇಕರಿಯೊಂದರಲ್ಲಿ ಬ್ರೆಡ್ಡು ಬನ್ನು ಮಾಡುತ್ತಾಳೆ. ಅದಕ್ಕೆ ಮೊದಲು ಎರಡು ಕಡೆ ಮಾಲೀಕರ ಜೊತೆ ಜಗಳವಾಡಿಕೊಂಡು ಬಿಟ್ಟಿದ್ದಳು ಎಂದು ಅವಳ ಕಾಗದದಿಂದ ತಿಳಿದಾಗ ನಾನೂ ನಮ್ಮವರೂ ಅದನ್ನು ಎರಡೆರಡು ಸಲ ಓದಿಕೊಂಡೆವು. ಹೋದ ತಿಂಗಳು ನಾನೊಬ್ಬಳೇ ಅವಳನ್ನು ನೋಡಲು ಹೋಗಿದ್ದೆ.

ಬೇಕರಿಯ ಹಿಂದೆ ಅವಳದೊಂದು ಕೋಣೆ. ಚಹಾ ಮಾಡಿ ಕೊಟ್ಟಳು, ತಾನೇ ಮಾಡಿದ ಬೆಣ್ಣೆ ಬಿಸ್ಕತ್ತು ಇಟ್ಟಳು. ಕೈಯ ತುಂಬ ಒಲೆಯ ಸುಟ್ಟ ಕಲೆಗಳು. ಗೋಡೆಯ ಗಡಿಯಾರದಲ್ಲಿ ಮೂರಾಯಿತು. ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಲೋಟದೊಳಗಿನ ಚಹಾ ಲೋಟದಲ್ಲೇ ಇತ್ತು. ಅವಳು ನೋಡಿ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ನನಗೆ ಧೈರ್ಯ ಬಂತು. ಹದಿಮೂರು ವರ್ಷದ ಹಿಂದಿನ ಮಾತನ್ನು ಮತ್ತೆ ಕೇಳಿದೆ. "ಆ ದಿನ ಆಸ್ಪತ್ರೇಲಿ ಯಾಕೆ ಹಾಗೆ ಹೇಳ್ದೆ? ನನ್ನ ಉಳಿಸೋಕಾ? ಹಾಸ್ಟೆಲಿಗೆ ಹೋಗೋಕೆ ಹೆದರಿಕೆ ಆಯ್ತಾ?"

ನೇತ್ರಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮೆತ್ತಗಾಗುವವರೆಗೂ ಕಾದು, ತಿಂದಳು.

"ಅವರು ಅಮ್ಮನೇ ಅಂತ ಹೇಳು, ಹೇಳು ಅಂತ ಮೂರು ಸಲ ಅಂದ್ರು," ಎಂದಳು. "ಇನ್ನೊಬ್ಬರು ಹೇಳು ಅಂದಿದ್ದನ್ನ ನಾನು ಯಾವಾಗ ಹೇಳಿದ್ದೆ?"

"ಅಷ್ಟೇನಾ?"

"ಗೊತ್ತಿಲ್ಲಮ್ಮ. ಎಷ್ಟೋ ಸಲ ಯೋಚನೆ ಮಾಡಿದ್ದೀನಿ. ನಿನ್ನ ಮುಖ ನೋಡಿದ್ದು ನೆನಪಿದೆ. ನೀನು ಬಾಯಿ ತೆರೆದು ಮುಚ್ಚಿದೆ. ಅದೂ ನೆನಪಿದೆ." ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆದಳು. ನನಗೆ ಬೆನ್ನು ಮಾಡಿಕೊಂಡೇ, "ಅದಕ್ಕೇ ನಾನು ಆಮೇಲೆ ಹೇಳಿದ್ದೆಲ್ಲ ಕೇಳ್ತಿದ್ದೆ. ಇನ್ನೊಂದು ಸಲ ನಿಂಗೆ ಹಾಗೆ ಆಗಬಾರ್ದು ಅಂತ. ಗಂಟು ಬಿಚ್ಚೋವಾಗ ನಿಂಗಾಗಿದ್ದು ನೋಡಿ ನಂಗೆ ಭಯ ಆಗಿತ್ತು. ಮೇಲೆ ಹೋಗಿದ್ದಕ್ಕಲ್ಲ," ಎಂದಳು.

ನನಗೆ ಅಳು ಬಂತು. ಅವಳು ಬಂದು ಸಮಾಧಾನ ಮಾಡಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ನಾನು ಅತ್ತು ಮುಗಿಸುವವರೆಗೂ ಬಾಗಿಲಿಗೆ ಒರಗಿ ನಿಂತಿದ್ದಳು. ಆಮೇಲೆ ನನ್ನ ಚೀಲ ಎತ್ತಿಕೊಂಡು, ಬಸ್ಸು ನಾಲ್ಕಕ್ಕೆ ಎಂದಳು.

ಬಸ್ ಸ್ಟ್ಯಾಂಡಿಗೆ ಅರ್ಧ ಮೈಲಿ ನಡೆಯಬೇಕು. ಇಳಿಜಾರಿನ ದಾರಿ, ಮೇಲೆ ಜಲ್ಲಿ ಬೇರೆ ಹಾಕಿದ್ದರು. ಅವಳು ನನ್ನ ಮುಂದೆ ಹೋಗುತ್ತಿದ್ದಳು, ಒಂದು ಹೆಗಲಿಗೆ ನನ್ನ ಚೀಲ, ಹೆಜ್ಜೆಗೊಮ್ಮೆ ಎಡಕ್ಕೆ ವಾಲುತ್ತ. ಕಾಲು ಜಾರೀತು ಎಂದು ನನಗೆ ಹೆದರಿಕೆ.

"ನಿಧಾನ ನಡಿಯೇ, ಬಿದ್ದೀಯ," ಎಂದೆ.

ಅವಳು ತಿರುಗಿ ನೋಡಲಿಲ್ಲ. ಇನ್ನೂ ಜೋರಾಗಿ ನಡೆದಳು.